ಮನೆಯ ವಿದ್ಯುತ್ತಿಗೊಂದು ಕೋಡಿ
ಸಿಡಿಲಿನ ಉಬ್ಬರದಿಂದ ಗೃಹೋಪಕರಣಗಳ ರಕ್ಷಣೆ

ಅಶ್ವಿನಿ, ಭರಣಿ ಮಳೆಗಳು ನಮ್ಮ ಒಕ್ಕಲು ಮಕ್ಕಳಿಗೆ ಹರ್ಷವನ್ನು ತರುವಂತೆ ಆತಂಕವನ್ನೂ ತರುತ್ತವೆ. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆಯ ಹೊತ್ತಿಗೆ ಕಾರ್ಮೋಡ ಕವಿದು, ಗುಡುಗು ಮಿಂಚುಗಳೊಡನೆ ಮಳೆ ಬಿರುಸಾಗಿ ಸುರಿದು ಹೋಗುತ್ತದೆ. ಮುಂಗಾರು ಹಿಡಿಯುವುದಕ್ಕೆ ಮುನ್ನಿನ ಈ ಏಪ್ರಿಲ್-ಮೇ ತಿಂಗಳುಗಳೂ, ಹಿಂಗಾರಿನ ಚಿತ್ತಾ-ಸ್ವಾತಿ ಮಳೆಗಳ ಅಕ್ಟೋಬರ್ ತಿಂಗಳೂ ಕರ್ನಾಟಕದಲ್ಲಿ ಸಿಡಿಲಿನ ಕಾಲವೆಂದೇ ಹೇಳಬೇಕು. ಮಳೆ ನಿಂತ ಮೇಲೆ ಊರಿನಲ್ಲಿ ಕೇಳಿಬರುವ ಮಾತು ಒಂದೇ: ಅವರ ಮನೆಯ ಟಿ.ವಿ. ಹೋಯಿತು, ಇವರ ಮನೆಯ ಫ್ರಿಜ್ ಹೋಯಿತು, ಮತ್ತೊಬ್ಬರ ಪಂಪ್‌ಸೆಟ್ಟಿನ ಪ್ಯಾನಲ್ ಸುಟ್ಟಿತು.

ನಮ್ಮ ಹಿರಿಯರ ಕಾಲದಲ್ಲಿ ಈ ಚಿಂತೆ ಇರಲಿಲ್ಲ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಅನಂತರವೂ ಬಹು ದಶಕಗಳ ಕಾಲ ನಮ್ಮ ಮನೆಗಳಲ್ಲಿ ವಿದ್ಯುತ್ತೆಂದರೆ ಮೂರು ನಾಲ್ಕು ದೀಪ, ಒಂದು ರೇಡಿಯೊ, ಅನುಕೂಲವಿದ್ದವರಿಗೆ ಒಂದು ಫ್ಯಾನು, ಇಷ್ಟೇ. ದೀಪದ ತಂತಿಯೊಂದು ಕರಗಿದರೆ ಕೆಲವು ರೂಪಾಯಿಗಳಲ್ಲಿ ಮತ್ತೊಂದು ಬಲ್ಬು ಬರುತ್ತಿತ್ತು. ಇಂದು ದೀಪವೇ ಎಲ್‌ಇಡಿಯಾಗಿ, ಅದರ ಹೊಟ್ಟೆಯಲ್ಲಿಯೂ ಒಂದು ಸೂಕ್ಷ್ಮ ಮಂಡಲ ಸೇರಿಕೊಂಡಿದೆ. ಬಟ್ಟೆ ಒಗೆಯುವ ಯಂತ್ರ, ನೀರು ಶುದ್ಧೀಕರಿಸುವ ಯಂತ್ರ, ಇನ್ವರ್ಟರ್, ಮಕ್ಕಳ ಓದಿನ ಕಂಪ್ಯೂಟರ್, ಚಾವಣಿಯ ಸೌರಫಲಕ ಇವೆಲ್ಲವುಗಳ ಪ್ರಾಣವು ಉಗುರಿನಗಲದ ಚಿಪ್ಪುಗಳಲ್ಲಿ ಅಡಗಿದೆ. ಆ ಚಿಪ್ಪುಗಳು ತಾಳಬಲ್ಲ ಪೆಟ್ಟು ಅತ್ಯಲ್ಪ. ವರ್ಷಗಟ್ಟಲೆ ಉಳಿಸಿ ಕೊಂಡ ವಸ್ತುಗಳು ಒಂದು ಕ್ಷಣದಲ್ಲಿ ನಿರುಪಯುಕ್ತವಾಗುವುದನ್ನು ಕಂಡ ಗೃಹಸ್ಥರು, ಇಡೀ ಮನೆಗೆ ಒಂದೇ ರಕ್ಷಣೆ ಇದೆಯೆ, ಅದನ್ನು ಆರಿಸುವುದು ಹೇಗೆ ಎಂದು ಕೇಳುವುದು ಸಹಜ.

ಇದೆ ಎಂಬುದೇ ಉತ್ತರ. ಆದರೆ ಅಂಗಡಿಯಿಂದ ಒಂದು ಪೆಟ್ಟಿಗೆಯನ್ನು ತಂದು ಗೋಡೆಗೆ ಬಿಗಿದ ಮಾತ್ರಕ್ಕೆ ಆ ರಕ್ಷಣೆ ದೊರೆಯುವುದಿಲ್ಲ. ಮೊದಲು ನೆಲ, ಆಮೇಲೆ ಪೆಟ್ಟಿಗೆ. ಈ ಕ್ರಮವನ್ನು ಓದುಗ ಬಂಧುಗಳಿಗೆ ಮನಗಾಣಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಉಬ್ಬರವೆಂದರೇನು?

ನಮ್ಮ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಅಲೆಯಂತೆ ಏರಿಳಿಯುವುದರಿಂದ ಅದರ ತುದಿ ಸುಮಾರು 325 ವೋಲ್ಟನ್ನು ಮುಟ್ಟುತ್ತದೆ. ಉಪಕರಣಗಳು ಇದಕ್ಕೆ ಹೊಂದಿಕೊಂಡೇ ನಿರ್ಮಿತವಾಗಿವೆ. ಕೆಲವೊಮ್ಮೆ ತಂತಿಯಲ್ಲಿ ಸಾವಿರಾರು ವೋಲ್ಟುಗಳ ಒಂದು ಅಲೆ, ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ಕೆಲವೇ ಹತ್ತು ಭಾಗಗಳಷ್ಟು ಕಾಲ, ಎದ್ದು ಇಳಿದುಹೋಗುತ್ತದೆ. ಇದನ್ನೇ ಇಂಗ್ಲಿಷಿನಲ್ಲಿ ಸರ್ಜ್ ಎನ್ನುತ್ತಾರೆ. ನಾವು ಉಬ್ಬರವೆಂದು ಕರೆಯೋಣ.

ಈ ಉಬ್ಬರಕ್ಕೆ ಕಾರಣಗಳು ಹಲವು. ಮೊದಲನೆಯದು ಸಿಡಿಲು. ಸಾಧಾರಣವಾದ ಒಂದು ಸಿಡಿಲಿನಲ್ಲಿ ಸುಮಾರು 30,000 ಆಂಪಿಯರ್ ಪ್ರವಾಹ ಹರಿಯುತ್ತದೆ. ಅದು ನಮ್ಮ ಮನೆಯ ಮೇಲೆಯೇ ಬೀಳಬೇಕೆಂದೇನೂ ಇಲ್ಲ. ಹತ್ತಿರದ ಹೊಲದ ಮರಕ್ಕೆ ಬಡಿದರೂ ಅದರ ಸುತ್ತ ಏಳುವ ಕಾಂತಕ್ಷೇತ್ರವು ಕಂಬದಿಂದ ಕಂಬಕ್ಕೆ ಹಾದುಹೋಗಿರುವ ತಂತಿಗಳಲ್ಲಿ ಸಾವಿರಾರು ವೋಲ್ಟುಗಳನ್ನು ಪ್ರೇರಿಸಬಲ್ಲದು. ಊರ ಹೊರಗೆ ಬಿದ್ದ ಸಿಡಿಲಿಗೆ ಊರೊಳಗಿನ ಟಿ.ವಿ. ಸುಡುವುದರ ಗುಟ್ಟು ಇದೇ. ಎರಡನೆಯ ಕಾರಣ, ಮಾರ್ಗವನ್ನು ಕೂಡಿಸುವ ಮತ್ತು ತೆಗೆಯುವ ಕಾರ್ಯ. ದೊಡ್ಡ ಮೋಟಾರು ನಿಂತಾಗ, ಟ್ರಾನ್ಸ್‌ಫಾರ್ಮರಿನ ಸ್ವಿಚ್ಚನ್ನು ಎಳೆದಾಗ, ಹೋದ ವಿದ್ಯುತ್ತು ಮರಳಿ ಬಂದಾಗ ಸಣ್ಣ ಉಬ್ಬರಗಳು ಏಳುತ್ತವೆ. ಸಿಡಿಲಿನ ಪೆಟ್ಟು ಒಂದೇ ಏಟಿಗೆ ಕೊಲ್ಲುತ್ತದೆ. ಈ ಸಣ್ಣ ಉಬ್ಬರಗಳು ಗೆದ್ದಲಿನಂತೆ ದಿನದಿನವೂ ತಿಂದು ಉಪಕರಣದ ಆಯುಷ್ಯವನ್ನು ಕುಗ್ಗಿಸುತ್ತವೆ.

ಕೆರೆ ಮತ್ತು ಕೋಡಿ

ರಕ್ಷಕ ಉಪಕರಣದ ಕಾರ್ಯವನ್ನು ತಿಳಿಯಲು ನಮ್ಮೂರ ಕೆರೆಯನ್ನು ನೆನೆದರೆ ಸಾಕು. ಕೆರೆ ಕಟ್ಟಿದವರು ಏರಿಯನ್ನು ಮಾತ್ರ ಕಟ್ಟಿ ಸುಮ್ಮನಾಗಲಿಲ್ಲ; ಒಂದು ಬದಿಗೆ ಕೋಡಿಯನ್ನೂ ಇಟ್ಟರು. ಕೆರೆಯ ನೀರು ವಾಡಿಕೆಯ ಮಟ್ಟದಲ್ಲಿರುವಾಗ ಕೋಡಿಯ ಮೇಲೆ ಒಂದು ಹನಿಯೂ ಹರಿಯದು. ಮಹಾಪೂರ ಬಂದಾಗ ಹೆಚ್ಚಿನ ನೀರು ಕೋಡಿ ಬಿದ್ದು ಹಳ್ಳ ಸೇರುತ್ತದೆ, ಏರಿ ಉಳಿಯುತ್ತದೆ. ಇಲ್ಲಿ ಮೂರು ಸಂಗತಿಗಳನ್ನು ಗಮನಿಸಬೇಕು. ಕೋಡಿಯ ಎತ್ತರ ವಾಡಿಕೆಯ ನೀರಿಗಿಂತ ಮೇಲಿರಬೇಕು. ಅದು ಏರಿಯ ತಲೆಗಿಂತ ಸಾಕಷ್ಟು ಕೆಳಗಿರಬೇಕು. ಕೋಡಿಯಿಂದ ಮುಂದಕ್ಕೆ ನೀರು ಹರಿದುಹೋಗಲು ತೆರವಾದ ಕಾಲುವೆ ಇರಬೇಕು. ಕಾಲುವೆ ಹೂತುಹೋಗಿದ್ದರೆ ಎಂಥ ಸುಂದರವಾದ ಕೋಡಿಯೂ ವ್ಯರ್ಥ.

ಉಬ್ಬರರಕ್ಷಕವೂ ಮನೆಯ ವಿದ್ಯುತ್ ಮಂಡಲಕ್ಕೆ ಇಂಥದೊಂದು ಕೋಡಿಯೇ. ಮಾರುಕಟ್ಟೆಯಲ್ಲಿ ಇದಕ್ಕೆ ಎಸ್‌ಪಿಡಿ ಎಂಬ ಹೆಸರು ರೂಢವಾಗಿದೆ. ಇದರ ಒಳಗೆ ಸಾಮಾನ್ಯವಾಗಿ ಸತುವಿನ ಆಕ್ಸೈಡಿನಿಂದ ಮಾಡಿದ ಬಿಲ್ಲೆಯೊಂದಿರುತ್ತದೆ; ಅದಕ್ಕೆ ವ್ಯಾರಿಸ್ಟರ್ ಎಂದು ಹೆಸರು. 1960ರ ದಶಕದ ಉತ್ತರಾರ್ಧದಲ್ಲಿ ಜಪಾನಿನ ಮತ್ಸುಶಿತ ಸಂಸ್ಥೆಯಲ್ಲಿ ರೂಪುಗೊಂಡ ಈ ವಸ್ತುವಿನ ಗುಣ ವಿಸ್ಮಯಕರವಾದುದು. ವಾಡಿಕೆಯ ವೋಲ್ಟೇಜಿನಲ್ಲಿ ಅದು ಕಲ್ಲಿನಂತೆ ಪ್ರವಾಹವನ್ನು ತಡೆದು ನಿಲ್ಲಿಸುತ್ತದೆ. ವೋಲ್ಟೇಜು ಮಿತಿಮೀರಿದ ಒಡನೆಯೇ ಲೋಹದಂತೆ ದಾರಿಬಿಟ್ಟು ಹೆಚ್ಚಿನದೆಲ್ಲವನ್ನೂ ಭೂಮಿಗೆ ಹರಿಸುತ್ತದೆ. ಉಬ್ಬರ ಇಳಿಯಿತೆಂದರೆ ಮತ್ತೆ ಕಲ್ಲಾಗುತ್ತದೆ.

ಇದು ಏನಲ್ಲ ಎಂಬುದನ್ನೂ ಅರಿಯಬೇಕು

ನಮ್ಮ ಮನೆಯಲ್ಲಿ ಸ್ಟೆಬಿಲೈಸರ್ ಇದೆ, ಎಂಸಿಬಿ ಇದೆ, ಇನ್ನು ಇದೇಕೆ ಎನ್ನುವವರುಂಟು. ಸ್ಟೆಬಿಲೈಸರ್ ನಿಧಾನವಾದ ಏರಿಳಿತವನ್ನು ಸರಿದೂಗಿಸುವ ಯಂತ್ರ. ಎಂಸಿಬಿಯು ಅತಿಯಾದ ಹೊರೆಯಿಂದ ತಂತಿ ಕಾಯದಂತೆ ಕಾಪಾಡುತ್ತದೆ. ಅದು ಎಷ್ಟು ಚುರುಕಾಗಿ ಬಿದ್ದರೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲ ಬೇಕು. ಅಷ್ಟರೊಳಗೆ ಸಿಡಿಲಿನ ಉಬ್ಬರ ಬಂದು, ಸುಟ್ಟು, ಹೊರಟೇಹೋಗಿರುತ್ತದೆ. ಆರ್‌ಸಿಸಿಬಿಯು ಮನುಷ್ಯನಿಗೆ ವಿದ್ಯುತ್ತು ತಗಲಿದಾಗ ಪ್ರಾಣ ಉಳಿಸುವ ಅಮೂಲ್ಯ ಸಾಧನವಾದರೂ ಉಬ್ಬರವನ್ನು ತಡೆಯಲಾರದು.

ಹಾಗೆಯೇ ಉಬ್ಬರರಕ್ಷಕಕ್ಕೂ ಮಿತಿಯುಂಟು. ಕಂಬದಲ್ಲಿ ನ್ಯೂಟ್ರಲ್ ತಂತಿ ಕಡಿದಾಗ ಮನೆಗೆ 230ರ ಬದಲು 300, 350, ಕೆಲವೊಮ್ಮೆ 400ರ ಸಮೀಪದ ವೋಲ್ಟೇಜು ನಿಮಿಷಗಟ್ಟಲೆ ಬರಬಹುದು. ನಮ್ಮ ಹಳ್ಳಿಗಳಲ್ಲಿ ಒಂದು ಓಣಿಯ ಉಪಕರಣಗಳೆಲ್ಲ ಒಮ್ಮೆಲೇ ಸುಡುವುದುಂಟಲ್ಲ, ಅದರ ಹಿಂದೆ ಹಲವು ಸಲ ಈ ನ್ಯೂಟ್ರಲ್ ದೋಷವೇ ಇರುತ್ತದೆ. ಇದು ಕ್ಷಣದ ಅಲೆಯಲ್ಲ, ನಿಂತ ನೆರೆ. ಇದನ್ನು ಹರಿಸಲು ಹೋದರೆ ಕೋಡಿಯೇ ಕೊಚ್ಚಿಹೋಗುತ್ತದೆ. ಎಂದರೆ ವ್ಯಾರಿಸ್ಟರ್ ಕಾದು ಹಾಳಾಗುತ್ತದೆ. ಇದಕ್ಕೆ ಮದ್ದು ಬೇರೆ. ವೋಲ್ಟೇಜು ಮಿತಿಮೀರಿದೊಡನೆ ಇಡೀ ಮನೆಯ ಸಂಪರ್ಕವನ್ನು ಕತ್ತರಿಸಿ, ಸರಿಹೋದ ಮೇಲೆ ತಾನೇ ಕೂಡಿಸುವ ಓವರ್‌ವೋಲ್ಟೇಜ್ ರಿಲೇ ಎಂಬ ಸಾಧನ ದೊರೆಯುತ್ತದೆ. ಹಳ್ಳಿಯ ಮನೆಗೆ ಇವೆರಡೂ ಬೇಕು. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಮೊದಲು ನೆಲ

ಈಗ ಮುಖ್ಯ ವಿಷಯಕ್ಕೆ ಬರೋಣ. ಕೋಡಿಗೆ ಕಾಲುವೆ ಹೇಗೋ ರಕ್ಷಕಕ್ಕೆ ಅರ್ಥಿಂಗ್ ಹಾಗೆ. ಎಷ್ಟೋ ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಮೂರನೆಯ ತೂತಿಗೆ ತಂತಿಯೇ ಇರುವುದಿಲ್ಲ. ಇನ್ನು ಕೆಲವೆಡೆ ತಂತಿ ಇದೆ, ಅದು ಹೋಗಿ ಸೇರುವ ಕೊಳವೆ ಎಂದೋ ತುಕ್ಕು ಹಿಡಿದು ಮಣ್ಣಾಗಿದೆ. ಇಂಥ ಮನೆಯಲ್ಲಿ ಅತ್ಯುತ್ತಮವಾದ ರಕ್ಷಕವನ್ನು ಕೂಡಿಸಿದರೂ ಉಬ್ಬರಕ್ಕೆ ಭೂಮಿಯ ದಾರಿ ಸಿಗುವುದಿಲ್ಲ. ಸರ್ಜ್ ಪ್ರೊಟೆಕ್ಟರ್ ಎಂದು ಬರೆದ ಎಕ್ಸ್‌ಟೆನ್ಷನ್ ಬೋರ್ಡುಗಳ ಗತಿಯೂ ಅರ್ಥಿಂಗ್ ಇಲ್ಲದ ಮನೆಯಲ್ಲಿ ಬಹುಮಟ್ಟಿಗೆ ಇದೇ.

ಭೂಸಂಪರ್ಕದ ವಿಧಿಯನ್ನು ಭಾರತೀಯ ಮಾನಕ 3043 ವಿವರಿಸುತ್ತದೆ. ಮನೆಗಳಿಗೆ ರೂಢಿಯಲ್ಲಿರುವುದು ಸತುವಿನ ಲೇಪವುಳ್ಳ ಸುಮಾರು 40 ಮಿಲಿಮೀಟರ್ ವ್ಯಾಸದ, 2.5 ಮೀಟರಿಗೆ ಕಡಿಮೆಯಿಲ್ಲದ ಉದ್ದದ ಕೊಳವೆಯನ್ನು ನೆಲದಲ್ಲಿ ನೆಡುವ ಪದ್ಧತಿ. ಗುಂಡಿಯಲ್ಲಿ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ಹಳೆಯ ಕ್ರಮ. ಉಪ್ಪು ಕೊಳವೆಯನ್ನು ತಿನ್ನುವುದರಿಂದ ಈಗ ಬೆಂಟೊನೈಟ್ ಮೊದಲಾದ ತೇವ ಹಿಡಿದಿಡುವ ಮಣ್ಣನ್ನು ಬಳಸುವವರು ಹೆಚ್ಚುತ್ತಿದ್ದಾರೆ. ಗುಂಡಿಯು ತೇವವಿರುವ ಕಡೆ, ಬಚ್ಚಲ ನೀರು ಅಥವಾ ತೋಟದ ನೀರು ತಾಗುವ ಕಡೆ ಇದ್ದರೆ ಮೇಲು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದೆರಡು ಕೊಡ ನೀರೆರೆದರೆ ನಷ್ಟವೇನಿಲ್ಲ. ಸಿಡಿಲು ರಕ್ಷಣೆಯ ಅಂತರರಾಷ್ಟ್ರೀಯ ಮಾನಕವು 10 ಓಮ್‌ಗಿಂತ ಕಡಿಮೆ ತಡೆಯನ್ನು ಮೆಚ್ಚುತ್ತದೆ. ಇದನ್ನು ಅಳೆಯುವ ಅರ್ಥ್ ಟೆಸ್ಟರ್ ಎಂಬ ಉಪಕರಣ ಯೋಗ್ಯ ವಿದ್ಯುತ್ ಗುತ್ತಿಗೆದಾರರಲ್ಲಿ ಇರುತ್ತದೆ. ಮಳೆಗಾಲದಲ್ಲಿ ಅಳೆದರೆ ಎಲ್ಲ ನೆಲವೂ ಒಳ್ಳೆಯದಾಗಿಯೇ ಕಾಣುತ್ತದೆ. ಆದುದರಿಂದ ಬೇಸಿಗೆಯಲ್ಲಿ ಅಳೆಯಿಸುವುದು ವಿವೇಕ.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ರಕ್ಷಕಕ್ಕೆ ಬೇರೆಯೇ ಗುಂಡಿ, ಮನೆಗೆ ಬೇರೆ ಗುಂಡಿ ಎಂದು ಎರಡು ಮಾಡಿ, ಎರಡನ್ನೂ ಕೂಡಿಸದೆ ಬಿಡುವ ವಾಡಿಕೆ ಕೆಲವೆಡೆ ಇದೆ. ಇದು ಸರಿಯಲ್ಲ. ಸಿಡಿಲಿನ ಪ್ರವಾಹ ಒಂದು ಗುಂಡಿಗೆ ಇಳಿದಾಗ ಆ ಗುಂಡಿಯ ಸುತ್ತಲಿನ ನೆಲವೇ ಸಾವಿರಾರು ವೋಲ್ಟಿಗೆ ಏರುತ್ತದೆ. ಇನ್ನೊಂದು ಗುಂಡಿ ಏರುವುದಿಲ್ಲ. ಈ ಎರಡರ ನಡುವೆ ಸಿಕ್ಕಿಕೊಂಡ ಉಪಕರಣವು ಸುಡುತ್ತದೆ. ಗುಂಡಿಗಳು ಎಷ್ಟೇ ಇರಲಿ, ಅವೆಲ್ಲ ದಪ್ಪ ತಂತಿಯಿಂದ ಒಂದಾಗಿರಬೇಕು. ನೀರಿನ ಲೋಹದ ಕೊಳವೆ, ಚಾವಣಿಯ ಉಕ್ಕಿನ ಚೌಕಟ್ಟು, ಡಿಶ್ ಆಂಟೆನಾದ ಕಂಬ ಇವೂ ಅದೇ ಬಂಧಕ್ಕೆ ಸೇರಬೇಕು. ಮನೆಯ ಲೋಹವೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಒಂದಕ್ಕೊಂದರ ನಡುವೆ ಅಂತರವೇ ಇಲ್ಲ. ಅಂತರವಿಲ್ಲದ ಕಡೆ ಅಪಾಯವೂ ಇಲ್ಲ.

ಆರಿಸುವ ಬಗೆ

ನೆಲ ಸಿದ್ಧವಾದ ಮೇಲೆ ಪೆಟ್ಟಿಗೆಯ ವಿಚಾರ. ಐಇಸಿ 61643-11 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಇವುಗಳಲ್ಲಿ ಮೂರು ವರ್ಗ.

ಟೈಪ್ 1 ಎಂಬುದು ನೇರ ಸಿಡಿಲಿನ ಪ್ರವಾಹದ ಒಂದು ಪಾಲನ್ನು ಹೊರಬಲ್ಲದು. ಮನೆಯ ಮೇಲೆ ಸಿಡಿಲುಕಂಬಿ ಇದ್ದರೆ ಇದು ಬೇಕೇ ಬೇಕು. ಸಿಡಿಲುಕಂಬಿಯು ಕಟ್ಟಡವನ್ನು ಉಳಿಸುತ್ತದೆ, ಅದು ಹಿಡಿದ ಪ್ರವಾಹದಿಂದ ವೈರಿಂಗನ್ನು ಉಳಿಸುವುದಿಲ್ಲ. ಬಯಲಿನಲ್ಲಿ ಒಂಟಿಯಾಗಿ ನಿಂತು, ಕಂಬದ ಮೇಲಿನ ತೆರೆದ ತಂತಿಯಿಂದ ವಿದ್ಯುತ್ತು ಪಡೆಯುವ ತೋಟದ ಮನೆಗೂ ಇದು ಉಚಿತ. ಇದರ ಮೇಲೆ 10/350 ಎಂಬ ಅಲೆಯ ಗುರುತೂ, ಪ್ರತಿ ತಂತಿಗೆ 12.5 ಕಿಲೋಆಂಪಿಯರ್ ಎಂಬಂಥ ಅಂಕಿಯೂ ಇರುತ್ತವೆ.

ಟೈಪ್ 2 ಎಂಬುದು ದೂರದ ಸಿಡಿಲಿನಿಂದ ತಂತಿಯಲ್ಲಿ ಬರುವ ಉಬ್ಬರಕ್ಕೂ, ಸ್ವಿಚ್ಚಿನ ಉಬ್ಬರಕ್ಕೂ ಆದುದು. ಊರೊಳಗಿನ ಸಾಮಾನ್ಯ ಮನೆಗೆ ಡಿಬಿಯಲ್ಲಿ ಕೂಡಿಸುವ ಟೈಪ್ 2 ರಕ್ಷಕವೇ ಸಾಕಾಗುತ್ತದೆ. ಎರಡೂ ಗುಣಗಳು ಒಂದರಲ್ಲಿಯೇ ಇರುವ ಟೈಪ್ 1+2 ರಕ್ಷಕಗಳೂ ಇವೆ.

ಟೈಪ್ 3 ಎಂಬುದು ಉಪಕರಣದ ಪಕ್ಕದಲ್ಲಿಯೇ ಇಡುವ ಕಿರಿಯ ರಕ್ಷಕ. ಡಿಬಿಯಿಂದ ಸುಮಾರು 10 ಮೀಟರಿಗಿಂತ ದೂರದಲ್ಲಿರುವ ಬೆಲೆಬಾಳುವ ಉಪಕರಣಕ್ಕೆ ಇದು ಬೇಕಾಗುತ್ತದೆ. ಇದು ಮೇಲಿನವುಗಳ ಹಿಂದೆ ನಿಂತು ದುಡಿಯಬೇಕೇ ಹೊರತು ತಾನೊಂದೇ ಮನೆಯನ್ನು ಕಾಯಲಾರದು.

ಇನ್ನು ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ಓದುವುದನ್ನು ಕಲಿಯೋಣ. ನೋಡಬೇಕಾದುದು ಮೂರೇ.

ಮೊದಲನೆಯದು ಯುಸಿ: ಎಂದರೆ ರಕ್ಷಕವು ಸದಾ ತಾಳಿಕೊಂಡಿರಬಲ್ಲ ವೋಲ್ಟೇಜು. ಇದು ನಮ್ಮ ದೃಷ್ಟಾಂತದಲ್ಲಿ ಕೋಡಿಗೆ ತಾಗದ ವಾಡಿಕೆಯ ನೀರಿನ ಮಟ್ಟ. 275 ಮತ್ತು 320 ಎಂಬ ಎರಡು ಅಂಕಿಗಳು ಹೆಚ್ಚಾಗಿ ಕಾಣುತ್ತವೆ. ರಾತ್ರಿಯ ವೇಳೆ ವೋಲ್ಟೇಜು 260-270ಕ್ಕೆ ಏರುವ ಊರುಗಳಲ್ಲಿ 275ರ ರಕ್ಷಕ ಬೇಗ ಸವೆಯುತ್ತದೆ. ನಮ್ಮ ಕಡೆಗೆ 320 ವೋಲ್ಟಿನದೇ ಕ್ಷೇಮ.

ಎರಡನೆಯದು ಯುಪಿ: ಎಂದರೆ ಉಬ್ಬರ ಬಂದಾಗ ರಕ್ಷಕವು ಅದನ್ನು ಎಷ್ಟು ವೋಲ್ಟಿಗೆ ಇಳಿಸಿ ನಿಲ್ಲಿಸುತ್ತದೆ ಎಂಬುದು. ಇದು ಕಡಿಮೆಯಾದಷ್ಟೂ ಒಳ್ಳೆಯದು. 230 ವೋಲ್ಟಿನ ವ್ಯವಸ್ಥೆಯಲ್ಲಿ ಮೀಟರಿನ ಬಳಿಯ ಸಾಮಗ್ರಿ 6,000 ವೋಲ್ಟಿನ ಕ್ಷಣಿಕ ಪೆಟ್ಟನ್ನೂ, ಡಿಬಿ ಮತ್ತು ವೈರಿಂಗ್ 4,000 ವೋಲ್ಟನ್ನೂ, ಸಾಮಾನ್ಯ ಗೃಹೋಪಕರಣಗಳು 2,500 ವೋಲ್ಟನ್ನೂ, ಸೂಕ್ಷ್ಮವಾದವು 1,500 ವೋಲ್ಟನ್ನೂ ತಾಳಬೇಕೆಂದು ಮಾನಕಗಳು ವಿಧಿಸಿವೆ. ಆದುದರಿಂದ ಯುಪಿಯು 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಕೇಳಿ ಪಡೆಯಬೇಕು.

ಮೂರನೆಯದು ಪ್ರವಾಹದ ಸಾಮರ್ಥ್ಯ. ಟೈಪ್ 2ರಲ್ಲಿ ಐಎನ್ ಎಂಬುದು ಮತ್ತೆ ಮತ್ತೆ ಹೊರಬಲ್ಲ ಪ್ರವಾಹ, ಐಮ್ಯಾಕ್ಸ್ ಎಂಬುದು ಗರಿಷ್ಠ ಪ್ರವಾಹ. ಮನೆಗೆ ಐಎನ್ 20 ಕಿಲೋಆಂಪಿಯರ್, ಐಮ್ಯಾಕ್ಸ್ 40 ಕಿಲೋಆಂಪಿಯರ್ ಇದ್ದರೆ ಧಾರಾಳ. ಕೆಲವು ಅಗ್ಗದ ಪೆಟ್ಟಿಗೆಗಳ ಮೇಲೆ ದೊಡ್ಡ ಅಂಕಿಯೊಂದನ್ನು ಮಾತ್ರ ಅಚ್ಚುಹಾಕಿ, ಯಾವ ಅಲೆಯಲ್ಲಿ ಪರೀಕ್ಷಿಸಲಾಯಿತು ಎಂಬುದನ್ನು ಹೇಳಿರುವುದಿಲ್ಲ. ಮಾನಕದ ಹೆಸರು, ಟೈಪ್, ಯುಸಿ, ಯುಪಿ, ಐಎನ್ ಇಷ್ಟೂ ಇಲ್ಲದ ಪೆಟ್ಟಿಗೆಯನ್ನು ಕೊಳ್ಳದಿರುವುದೇ ಲೇಸು.

ಬೇಲಿಯೇ ಹೊಲ ಮೇಯದಿರಲಿ

ವ್ಯಾರಿಸ್ಟರಿಗೆ ಮುಪ್ಪುಂಟು. ಪ್ರತಿ ಪೆಟ್ಟಿಗೂ ಅದು ಸ್ವಲ್ಪ ಸ್ವಲ್ಪ ಸವೆದು, ಕೊನೆಗೆ ವಾಡಿಕೆಯ ವೋಲ್ಟೇಜಿನಲ್ಲಿಯೂ ಪ್ರವಾಹವನ್ನು ಸೋರಲು ಬಿಡುತ್ತದೆ. ಆಗ ಅದು ಕಾಯುತ್ತದೆ. ಕಾದರೆ ಬೆಂಕಿಯ ಭಯ. ಒಳ್ಳೆಯ ರಕ್ಷಕಗಳಲ್ಲಿ ಬಿಸಿಯಾದೊಡನೆ ತಾನೇ ಕಳಚಿಕೊಳ್ಳುವ ಏರ್ಪಾಡು ಇರುತ್ತದೆ. ಇದಲ್ಲದೆ ತಯಾರಕರು ಸೂಚಿಸಿದ ಅಳತೆಯ ಫ್ಯೂಸ್ ಅಥವಾ ಎಂಸಿಬಿಯನ್ನು ಅದರ ಹಿಂದೆ ಕಡ್ಡಾಯವಾಗಿ ಕೂಡಿಸಬೇಕು.

ನಮ್ಮ ಮನೆಗಳ ಅರ್ಥಿಂಗ್ ಬಹುಪಾಲು ಅಂಗಳದ ಕೊಳವೆಯನ್ನೇ ನೆಚ್ಚಿಕೊಂಡಿರುವುದರಿಂದ ಇಲ್ಲಿ ಒಂದು ಲೆಕ್ಕವನ್ನು ಹಾಕಿ ನೋಡಬೇಕು. ಕೊಳವೆಯ ತಡೆ 5 ಓಮ್ ಎಂದಿಟ್ಟುಕೊಳ್ಳೋಣ. ಸವೆದ ವ್ಯಾರಿಸ್ಟರ್ ಫೇಸಿನಿಂದ ಭೂಮಿಗೆ ಪೂರ್ಣವಾಗಿ ತೆರೆದುಕೊಂಡರೆ 230 ವೋಲ್ಟನ್ನು 5ರಿಂದ ಭಾಗಿಸಿದಾಗ ಬರುವ ಪ್ರವಾಹ 46 ಆಂಪಿಯರ್. 32 ಆಂಪಿಯರಿನ ಎಂಸಿಬಿಗೆ ಇದು ತಕ್ಷಣ ಬೀಳುವಷ್ಟು ದೊಡ್ಡ ಪ್ರವಾಹವಲ್ಲ. ಅದು ಬಹಳ ಹೊತ್ತು ಸುಮ್ಮನೆ ನೋಡುತ್ತಿರಬಹುದು. ಅಷ್ಟರಲ್ಲಿ ಮನೆಯ ಅರ್ಥ್ ತಂತಿಗೆಲ್ಲ ವಿದ್ಯುತ್ತು ಹರಿದು, ಫ್ರಿಜ್ಜಿನ ಬಾಗಿಲು ಮುಟ್ಟಿದ ತಾಯಿಗೆ ಆಘಾತವಾದೀತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ಇದನ್ನು ತಪ್ಪಿಸಲೆಂದೇ 1+1 ಎಂಬ ಜೋಡಣೆ ಇದೆ. ಇದರಲ್ಲಿ ವ್ಯಾರಿಸ್ಟರ್ ಇರುವುದು ಫೇಸ್ ಮತ್ತು ನ್ಯೂಟ್ರಲ್‌ಗಳ ನಡುವೆ. ನ್ಯೂಟ್ರಲ್ ಮತ್ತು ಭೂಮಿಯ ನಡುವೆ ಅನಿಲ ತುಂಬಿದ ಕಿರುನಾಳವೊಂದು ಇರುತ್ತದೆ. ಆ ನಾಳ ವಾಡಿಕೆಯಲ್ಲಿ ಏನನ್ನೂ ಸೋರಗೊಡದು. ವ್ಯಾರಿಸ್ಟರ್ ಕೆಟ್ಟರೆ ಪ್ರವಾಹ ನ್ಯೂಟ್ರಲ್ ಮೂಲಕ ಹರಿದು ದೊಡ್ಡದಾಗುವುದರಿಂದ ಎಂಸಿಬಿ ಒಡನೆಯೇ ಬೀಳುತ್ತದೆ. ಮೂರು ಫೇಸಿನ ಸಂಪರ್ಕವಿದ್ದರೆ ಇದೇ ಜೋಡಣೆಗೆ 3+1 ಎಂದು ಹೆಸರು. ಅಂಗಡಿಯಲ್ಲಿ ಈ ಹೆಸರನ್ನೇ ಹೇಳಿ ಕೇಳಬಹುದು. ಇಂಥ ರಕ್ಷಕವನ್ನು ಮೇನ್ ಸ್ವಿಚ್ಚಿನ ನಂತರ, ಆರ್‌ಸಿಸಿಬಿಗಿಂತ ಮೊದಲು ಕೂಡಿಸಬೇಕು. ಹಾಗೆ ಮಾಡಿದರೆ ಸಿಡಿಲಿನ ಪ್ರವಾಹ ಆರ್‌ಸಿಸಿಬಿಯ ಮೂಲಕ ಹಾಯುವುದಿಲ್ಲ.

ತಂತಿಯ ಗಿಡ್ಡತನ

ಕೂಡಿಸುವಾಗ ನಡೆಯುವ ಸಾಮಾನ್ಯ ತಪ್ಪೆಂದರೆ ಉದ್ದ ತಂತಿ. ನೋಡಲು ಅಂದವಾಗಲೆಂದು ರಕ್ಷಕವನ್ನು ಒಂದು ಮೂಲೆಯಲ್ಲಿಟ್ಟು, ತಂತಿಯನ್ನು ಸುತ್ತಿ ಬಳಸಿ ತರುವವರಿದ್ದಾರೆ. ಸಿಡಿಲಿನ ಪ್ರವಾಹ ಅತಿ ಕಡಿದಾಗಿ ಏರುವುದರಿಂದ ನೇರವಾದ ತಂತಿಯ ಒಂದೊಂದು ಮೀಟರೂ ಸುಮಾರು 1,000 ವೋಲ್ಟನ್ನು ತನ್ನ ಪಾಲಿಗೆ ಸೇರಿಸುತ್ತದೆ. ರಕ್ಷಕ 1,500 ವೋಲ್ಟಿಗೆ ಇಳಿಸಿದರೂ ಎರಡು ಮೀಟರ್ ತಂತಿಯಿದ್ದರೆ ಉಪಕರಣಕ್ಕೆ ತಗಲುವುದು 3,500. ಹಣ ಕೊಟ್ಟು ತಂದ ರಕ್ಷಣೆ ತಂತಿಯಲ್ಲಿಯೇ ಕಳೆದುಹೋಯಿತು. ಫೇಸಿನಿಂದ ರಕ್ಷಕಕ್ಕೆ, ರಕ್ಷಕದಿಂದ ಡಿಬಿಯ ಅರ್ಥ್ ಪಟ್ಟಿಗೆ ಇರುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರನ್ನು ಮೀರಬಾರದು. ಒಂದು ಮೊಳ ಎಂದು ನೆನಪಿಟ್ಟುಕೊಂಡರೆ ಸಾಕು. ಭೂಮಿಯ ಕಡೆಯ ತಂತಿ ತಾಮ್ರದ್ದಾಗಿದ್ದು, ಟೈಪ್ 2ಕ್ಕೆ 6 ಚದರ ಮಿಲಿಮೀಟರ್, ಟೈಪ್ 1ಕ್ಕೆ 16 ಚದರ ಮಿಲಿಮೀಟರಿಗೆ ಕಡಿಮೆಯಿರಬಾರದು.

ಬಾಗಿಲು ಒಂದೇ ಅಲ್ಲ

ಮುಂಬಾಗಿಲಿಗೆ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟರೆ ಪ್ರಯೋಜನವೇನು? ಉಬ್ಬರ ಮನೆಗೆ ಬರುವ ದಾರಿಗಳು ಹಲವು. ಟಿ.ವಿ.ಯ ಕೇಬಲ್, ಡಿಶ್ ಆಂಟೆನಾದ ತಂತಿ, ತಾಮ್ರದ ದೂರವಾಣಿ ತಂತಿ ಇವುಗಳಿಗೆ ಪ್ರತ್ಯೇಕ ರಕ್ಷಕಗಳಿದ್ದು, ಅವು ಮನೆಯ ಅದೇ ಅರ್ಥಿಂಗಿಗೆ ಸೇರಬೇಕು. ಗಾಜಿನ ಎಳೆಯ ಅಂತರಜಾಲ ಸಂಪರ್ಕದಲ್ಲಿ ಎಳೆಯ ಮೂಲಕ ವಿದ್ಯುತ್ತು ಬಾರದು. ಆದರೆ ಅದಕ್ಕೆ ಆಸರೆಯಾಗಿ ಲೋಹದ ತಂತಿಯಿದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ಬಿಡಿಸಬೇಕು. ಅಂಗಳದ ಕೊಳವೆಬಾವಿಯ ಪಂಪಿಗೆ ಹೋಗುವ ತಂತಿಯೂ ಒಂದು ಬಾಗಿಲೇ. ನೀರಿನಲ್ಲಿ ಮುಳುಗಿದ ಮೋಟಾರು ಭೂಮಿಗೆ ಅತಿ ನಿಕಟವಾಗಿರುವುದರಿಂದ ಉಬ್ಬರ ಅದನ್ನು ಹುಡುಕಿಕೊಂಡು ಹೋಗುತ್ತದೆ. ಪಂಪಿನ ಪ್ಯಾನಲ್ ದೂರವಿದ್ದರೆ ಅಲ್ಲಿಯೂ ಒಂದು ರಕ್ಷಕವಿರಲಿ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯ ತರುವಾಯ ಚಾವಣಿಯ ಮೇಲೆ ಸೌರಫಲಕ ಹಾಕಿಸುವವರು ಹೆಚ್ಚಾಗಿದ್ದಾರೆ. ಫಲಕದಿಂದ ಇನ್ವರ್ಟರಿಗೆ ಬರುವುದು ಡಿ.ಸಿ. ವಿದ್ಯುತ್ತು. ಅದಕ್ಕೆ ಡಿ.ಸಿ.ಗೆಂದೇ ಮಾಡಿದ ರಕ್ಷಕ ಬೇಕು, ಎ.ಸಿ.ಯದನ್ನು ಅಲ್ಲಿ ಬಳಸುವುದು ಅಪಾಯಕರ. ಇನ್ವರ್ಟರಿನ ಎರಡೂ ಬದಿಗೆ ರಕ್ಷಕವಿದೆಯೆ, ಫಲಕದ ಚೌಕಟ್ಟು ಅರ್ಥಿಂಗಿಗೆ ಸೇರಿದೆಯೆ ಎಂಬುದನ್ನು ಹಣ ಕೊಡುವ ಮುನ್ನ ನೋಡಿಕೊಳ್ಳಬೇಕು.

ನಗರದ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವವರು ಕೆಳಗಿನ ಮುಖ್ಯ ಪ್ಯಾನಲ್ಲಿನಲ್ಲಿ ಟೈಪ್ 1+2 ರಕ್ಷಕವಿದೆಯೇ ಎಂದು ನಿವಾಸಿಗಳ ಸಂಘದಲ್ಲಿ ವಿಚಾರಿಸಲಿ. ಅದು ಎಲ್ಲರೂ ಕೂಡಿ ಮಾಡಬೇಕಾದ ಕೆಲಸ. ತಮ್ಮ ಮನೆಯ ಡಿಬಿಯಲ್ಲಿ ಟೈಪ್ 2 ಅನ್ನು ಅವರವರೇ ಹಾಕಿಸಿಕೊಳ್ಳಬಹುದು. ಅಮೆರಿಕದಲ್ಲಿ 2020ರ ರಾಷ್ಟ್ರೀಯ ವಿದ್ಯುತ್ ಸಂಹಿತೆಯು ವಾಸದ ಮನೆಗಳ ವಿದ್ಯುತ್ ಸಂಪರ್ಕಕ್ಕೆ ಈ ರಕ್ಷಣೆಯನ್ನು ವಿಧಿಸಿತು. ನಾವು ಅಷ್ಟು ದೂರದ ವಿಧಿಗೆ ಕಾಯಬೇಕಿಲ್ಲ. ಕೆಲವು ಸಾವಿರ ರೂಪಾಯಿಗಳಲ್ಲಿ ಆಗುವ ಕೆಲಸವಿದು.

ಒಂದು ಮನೆಯ ಲೆಕ್ಕ

ದೃಷ್ಟಾಂತಕ್ಕೆ, ಊರಂಚಿನಲ್ಲಿ ಎರಡು ಅಂತಸ್ತಿನ ಒಂದು ಮನೆಯಿದೆ ಎನ್ನೋಣ. ಒಂದೇ ಫೇಸು, ಕಂಬದಿಂದ ತಂತಿ, ಅಂಗಳದಲ್ಲಿ ಕೊಳವೆಬಾವಿ. ಮಾಡಬೇಕಾದ ಕಾರ್ಯಗಳ ಅನುಕ್ರಮ ಹೀಗೆ. ಮೊದಲಿಗೆ ಅರ್ಥಿಂಗನ್ನು ಅಳೆಯಿಸಿ, ಬೇಕಾದರೆ ಹೊಸ ಕೊಳವೆ ನೆಡಿಸಿ, ಎಲ್ಲ ಸಾಕೆಟ್ಟುಗಳಿಗೂ ಅರ್ಥ್ ತಂತಿ ಬಂದಿರುವುದನ್ನು ಖಚಿತಪಡಿಸಿಕೊಳ್ಳುವುದು. ಎರಡನೆಯದಾಗಿ, ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನು ಹಾಕಿಸುವುದು. ಉಪಕರಣಕ್ಕಿಂತ ಮನುಷ್ಯ ಮೊದಲು. ಮೂರನೆಯದಾಗಿ, ಮುಖ್ಯ ಡಿಬಿಯಲ್ಲಿ 1+1 ಜೋಡಣೆಯ, ಯುಸಿ 320 ವೋಲ್ಟಿನ, ಯುಪಿ 1.5 ಕಿಲೋವೋಲ್ಟಿನ ರಕ್ಷಕ. ಮನೆ ಒಂಟಿಯಾಗಿದ್ದರೆ ಟೈಪ್ 1+2, ಬೀದಿಯ ನಡುವಿದ್ದರೆ ಟೈಪ್ 2. ನಾಲ್ಕನೆಯದಾಗಿ ಓವರ್‌ವೋಲ್ಟೇಜ್ ರಿಲೇ. ಐದನೆಯದಾಗಿ ಪಂಪಿನ ಪ್ಯಾನಲ್ಲಿಗೂ, ಮೇಲಂತಸ್ತಿನ ಟಿ.ವಿ. ಮತ್ತು ಕಂಪ್ಯೂಟರಿಗೂ ಕಿರಿಯ ರಕ್ಷಕಗಳು. ಹಣ ಒಮ್ಮೆಲೇ ಒದಗದಿದ್ದರೆ ಇದೇ ಕ್ರಮದಲ್ಲಿ ವರ್ಷಕ್ಕೊಂದಾಗಿ ಮಾಡಿಸಬಹುದು. ಕ್ರಮವನ್ನು ಮಾತ್ರ ತಲೆಕೆಳಗು ಮಾಡಬಾರದು.

ಈ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿ ಪಡೆದ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಮೇನ್ ಸ್ವಿಚ್ಚಿಗಿಂತ ಹಿಂದಿನ ತಂತಿಗಳಿಗೆ ಮನೆಯವರು ಕೈಹಾಕುವುದು ಪ್ರಾಣಕ್ಕೆ ಕುತ್ತು.

ಕೂಡಿಸಿದ ಮೇಲೆ

ರಕ್ಷಕದ ಮುಖದಲ್ಲಿ ಒಂದು ಪುಟ್ಟ ಕಿಟಕಿಯಿರುತ್ತದೆ. ಸಾಮಾನ್ಯವಾಗಿ ಹಸಿರು ಎಂದರೆ ಕ್ಷೇಮ, ಕೆಂಪು ಎಂದರೆ ಅದರ ಆಯುಷ್ಯ ಮುಗಿಯಿತು ಎಂದರ್ಥ. ಕೆಂಪಾದ ಮೇಲೂ ಮನೆಯ ದೀಪಗಳು ಎಂದಿನಂತೆ ಉರಿಯುತ್ತವೆ, ಅದೇ ಮೋಸ. ರಕ್ಷಣೆ ಇಲ್ಲವೆಂಬುದು ಮುಂದಿನ ಸಿಡಿಲಿನವರೆಗೂ ತಿಳಿಯುವುದಿಲ್ಲ. ಯುಗಾದಿಗೆ ಮನೆ ಸಾರಿಸುವಾಗ ಒಮ್ಮೆ, ದೀಪಾವಳಿಗೆ ಒಮ್ಮೆ ಈ ಕಿಟಕಿಯನ್ನು ನೋಡುವ ಹೊಣೆಯನ್ನು ಮನೆಯ ಮಕ್ಕಳಿಗೆ ವಹಿಸಿದರೆ ಅವರಿಗೂ ವಿಜ್ಞಾನದ ಪಾಠವಾಗುತ್ತದೆ. ಬಿಲ್ಲೆಯನ್ನು ಮಾತ್ರ ಎಳೆದು ಬದಲಿಸಬಹುದಾದ ಮಾದರಿಯನ್ನು ಕೊಂಡರೆ ಖರ್ಚು ಕಡಿಮೆ.

ಎಷ್ಟೇ ರಕ್ಷಣೆಯಿದ್ದರೂ ಮನೆಯ ಮೇಲೆಯೇ ಬೀಳುವ ಸಿಡಿಲಿಗೆ ಪೂರ್ಣ ಅಭಯವನ್ನು ಯಾವ ಸಾಧನವೂ ಕೊಡಲಾರದು. ಮೋಡ ಕವಿಯುತ್ತಿರುವಾಗಲೇ ಬೆಲೆಬಾಳುವ ಉಪಕರಣಗಳ ಪ್ಲಗ್ಗನ್ನು ಕಿತ್ತಿಡುವ ಹಳೆಯ ಅಭ್ಯಾಸ ಈಗಲೂ ಒಳ್ಳೆಯದೇ; ಗುಡುಗು ಸಮೀಪಿಸಿದ ಮೇಲೆ ಕೀಳಲು ಹೋಗಬಾರದು. ಉಬ್ಬರರಕ್ಷಕವು ಮನುಷ್ಯನನ್ನು ಸಿಡಿಲಿನಿಂದ ಕಾಯುವ ಸಾಧನವಲ್ಲ ಎಂಬುದೂ ನೆನಪಿರಲಿ. ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಕೇಳಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ. ಆಗ ಹೊಲದಲ್ಲಿದ್ದವರು ಪಕ್ಕಾ ಮನೆಯೊಳಗೆ ಬರಬೇಕು. ಮನೆಯಲ್ಲಿದ್ದವರು ಸ್ನಾನ, ಪಾತ್ರೆ ತೊಳೆಯುವುದು, ತಂತಿಯ ಫೋನಿನಲ್ಲಿ ಮಾತು ಇವನ್ನು ನಿಲ್ಲಿಸಬೇಕು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ದಾಮಿನಿ ಎಂಬ ಮೊಬೈಲ್ ಆ್ಯಪ್ ಸಮೀಪದ ಸಿಡಿಲಿನ ಸೂಚನೆ ನೀಡುತ್ತದೆ. ಕುರಿ ದನ ಕಾಯುವವರ ಫೋನಿನಲ್ಲಿ ಅದು ಇರುವುದು ಹಿತ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಮಾತು ನಮ್ಮಲ್ಲಿದೆ. ಸುಟ್ಟ ಉಪಕರಣವನ್ನು ಹೊತ್ತು ಅಂಗಡಿಗೆ ಅಲೆಯುವ ಬದಲು, ಬಿಸಿಲಿರುವಾಗಲೇ ಅಂಗಳದ ಅರ್ಥಿಂಗ್ ಗುಂಡಿಯ ಮುಚ್ಚಳವನ್ನು ತೆಗೆದು ನೋಡುವುದು ಗೃಹಸ್ಥರ ಮೊದಲ ಕರ್ತವ್ಯ. ತಂತಿ ಕೊಳವೆಗೆ ಬಿಗಿಯಾಗಿ ಕೂಡಿದೆಯೆ, ತುಕ್ಕು ತಿಂದಿದೆಯೆ, ಮಣ್ಣು ಒಣಗಿದೆಯೆ ಎಂಬುದನ್ನು ಕಣ್ಣಾರೆ ಕಂಡ ಮೇಲೆ ಪೆಟ್ಟಿಗೆಯ ಮಾತು. ಕೆರೆ ಕಟ್ಟಿದವರು ನೀರು ಬರುವ ಮೊದಲೇ ಕೋಡಿಯ ಕಾಲುವೆ ತೋಡಿದರು. ಆ ದೂರದೃಷ್ಟಿ ಇಂದಿನ ಮನೆಗಳಿಗೂ ಬೇಕಾಗಿದೆ.